ಶಿರೆಯ ಮೂಲಕ ಕೊಬ್ಬಿನ ಆಹಾರ: ರೋಗನಿರೋಧಕ ಕೋಶಗಳಿಗೆ ಪೆಟ್ಟು ಬೀಳದಂತೆ ಕೊಡುವ ಕ್ರಮ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಐಸಿಯು ಹಾಗೂ ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿ ದುಡಿಯುವ ಶುಶ್ರೂಷಕರಿಗೆ ಮತ್ತು ಕಿರಿಯ ವೈದ್ಯರಿಗೆ ಹಾಲಿನ ಬಣ್ಣದ ಲಿಪಿಡ್ (ಕೊಬ್ಬಿನ) ಬಾಟಲಿ ಹೊಸದೇನಲ್ಲ. ಆದರೂ ಅದನ್ನು ಏರಿಸುವಾಗ ಒಂದೇ ಬಗೆಯ ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಗ್ಲೂಕೋಸ್ ಡ್ರಿಪ್‌ನಂತೆ ಬಿಟ್ಟು ನಾಲ್ಕೈದು ಗಂಟೆಯಲ್ಲಿ ಮುಗಿಸುತ್ತಾರೆ, ಅದೇ ಲೈನಿನಲ್ಲಿ ಆಂಟಿಬಯೋಟಿಕ್ ಕೊಡುತ್ತಾರೆ, ಮೂರನೆಯ ದಿನ ಜ್ವರ ಬಂದಾಗ ಬಾಟಲಿಯ ಕಡೆ ನೋಡದೆ ಆಂಟಿಬಯೋಟಿಕ್ ಬದಲಾಯಿಸುತ್ತಾರೆ. ಈ ಮಾರ್ಗದರ್ಶಿ ವಯಸ್ಕ ರೋಗಿಗಳಿಗೆ ಮಾತ್ರ ಸಂಬಂಧಿಸಿದ್ದು. ನವಜಾತ ಶಿಶುಗಳ ಲೆಕ್ಕವೇ ಬೇರೆ. ಇಲ್ಲಿನ ಅಂಕಿಗಳು ಚಿಕಿತ್ಸೆ ನೀಡುವ ವೈದ್ಯರ ಲಿಖಿತ ಆದೇಶವನ್ನು ಪರಿಶೀಲಿಸಲು ನೆರವಾಗುತ್ತವೆಯೇ ಹೊರತು ಅದರ ಜಾಗವನ್ನು ತುಂಬುವುದಿಲ್ಲ.

## ಕೊಬ್ಬು ಬಿಳಿ ರಕ್ತಕಣಗಳಿಗೆ ಅಡ್ಡಿಯಾಗುವುದು ಹೇಗೆ

ಶಿರೆಯೊಳಗೆ ಹೋದ ಕೊಬ್ಬಿನ ಸೂಕ್ಷ್ಮ ಹನಿಗಳನ್ನು ಲೋಮನಾಳಗಳ ಗೋಡೆಯಲ್ಲಿರುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಒಡೆಯುತ್ತದೆ. ಈ ಕಿಣ್ವ ಒಂದು ಗಂಟೆಯಲ್ಲಿ ಮಾಡಬಲ್ಲ ಕೆಲಸಕ್ಕೆ ಮಿತಿಯಿದೆ. ಅದಕ್ಕಿಂತ ವೇಗವಾಗಿ ಕೊಬ್ಬು ಬಂದರೆ ಒಡೆಯದೆ ಉಳಿದ ಹನಿಗಳು ರಕ್ತದಲ್ಲಿ ಸುತ್ತುತ್ತವೆ ಮತ್ತು ಯಕೃತ್ತಿನ ಕುಪ್ಫರ್ ಕೋಶಗಳೂ ಗುಲ್ಮದ ಮ್ಯಾಕ್ರೋಫೇಜ್‌ಗಳೂ ಅವನ್ನು ನುಂಗಲು ತೊಡಗುತ್ತವೆ. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾಗಳನ್ನು ಹಿಡಿದು ತೆಗೆಯಬೇಕಾದ ಕೋಶಗಳೂ ಇವೇ. ಕೊಬ್ಬಿನಿಂದ ತುಂಬಿಹೋದ ಕೋಶ ಆ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಸೋಯಾ ಎಣ್ಣೆಯ ಎಮಲ್ಷನ್ನನ್ನು (ನೀರಿನಲ್ಲಿ ಎಣ್ಣೆಯ ಸೂಕ್ಷ್ಮ ಹನಿಗಳು ಬೆರೆತ ದ್ರವ) ದಿನಕ್ಕೆ 10 ಗಂಟೆಯಂತೆ, ಪ್ರತಿ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.13 ಗ್ರಾಂ ಲೆಕ್ಕದಲ್ಲಿ ಮೂರು ದಿನ ಕೊಟ್ಟಾಗ ಈ ಕೋಶಗಳ ಶುದ್ಧೀಕರಣ ಶಕ್ತಿ ಕುಗ್ಗಿದ್ದನ್ನು 1980ರ ದಶಕದ ಕೊನೆಯಲ್ಲಿ ರೋಗಿಗಳಲ್ಲೇ ಅಳೆದು ತೋರಿಸಲಾಗಿತ್ತು. ಕೊಬ್ಬನ್ನು 24 ಗಂಟೆಗಳಿಗೆ ಹರಡಿ ಕೊಟ್ಟಾಗ ಅಂಥ ಕುಗ್ಗುವಿಕೆ ಕಾಣಲಿಲ್ಲ.

ಎರಡನೆಯ ದಾರಿ ಎಣ್ಣೆಯ ಜಾತಿಗೆ ಸಂಬಂಧಿಸಿದ್ದು. ಸೋಯಾ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಿನೋಲಿಕ್ ಆಮ್ಲ, ಅಂದರೆ ಒಮೆಗಾ-6. ದೇಹ ಇದನ್ನು ಅರಾಕಿಡೋನಿಕ್ ಆಮ್ಲವಾಗಿಸಿ, ಅದರಿಂದ ಪ್ರೊಸ್ಟಗ್ಲಾಂಡಿನ್ ಇ2 ಮತ್ತು ಲ್ಯೂಕೋಟ್ರೈನ್ ಬಿ4 ತಯಾರಿಸುತ್ತದೆ. ಮೊದಲನೆಯದು ಹೆಚ್ಚಾದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ವಿಭಜನೆ ತಗ್ಗುತ್ತದೆ. ಎರಡನೆಯದು ಬ್ಯಾಕ್ಟೀರಿಯಾ ನುಂಗುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ಉರಿಯೂತದ ಜಾಗಕ್ಕೆ ಬಲವಾಗಿ ಸೆಳೆಯುತ್ತದೆ. ಮೀನೆಣ್ಣೆಯ ಒಮೆಗಾ-3 ಕೊಬ್ಬಿನಾಮ್ಲಗಳಿಂದ ಹುಟ್ಟುವ ಇದೇ ಬಗೆಯ ಸಂಯುಕ್ತಗಳ ಪ್ರಭಾವ ಕಡಿಮೆ.

ಮೂರನೆಯದು ಸರಳವಾಗಿದ್ದರೂ ನಮ್ಮ ವಾರ್ಡುಗಳಲ್ಲಿ ಹೆಚ್ಚು ಹಾನಿ ಮಾಡುವುದು ಅದೇ ಎಂದು ನನ್ನ ಅಭಿಪ್ರಾಯ: ಲಿಪಿಡ್ ಎಮಲ್ಷನ್ನಿನಲ್ಲಿ ಕ್ಯಾಂಡಿಡಾ, ಮಲಸೇಜಿಯಾದಂಥ ಶಿಲೀಂಧ್ರಗಳೂ ಹಲವು ಬ್ಯಾಕ್ಟೀರಿಯಾಗಳೂ ಸಲೀಸಾಗಿ ಬೆಳೆಯುತ್ತವೆ. ಆದ್ದರಿಂದ ರೋಗಿಗೆ ಸೋಂಕಾದಾಗ ದೋಷ ಕೊಬ್ಬಿನದೇ, ವೇಗದ್ದೇ, ಕೈಗಳದ್ದೇ ಎಂದು ಬಿಡಿಸಿ ನೋಡಬೇಕು. ವೇಗ ಮತ್ತು ಕೈಗಳು ಎರಡೂ ನಮ್ಮ ಹಿಡಿತದಲ್ಲಿರುವಂಥವು.

## ಹಂತ 1: ನಿಜವಾಗಿಯೂ ಬೇಕೇ ಎಂದು ನಿರ್ಧರಿಸಿ

ಕರುಳು ಕೆಲಸ ಮಾಡುತ್ತಿದ್ದರೆ ಮೂಗಿನ ನಳಿಕೆಯ ಆಹಾರವೇ ಮೊದಲು. ನುಂಗಲಾರದ ಪಾರ್ಶ್ವವಾಯು ರೋಗಿಗೆ ಲಿಪಿಡ್ ಬಾಟಲಿ ಬೇಕಾಗಿಲ್ಲ; ಕರುಳು ರಂಧ್ರವಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾದವರು, ಕರುಳಿನ ಬಹುಭಾಗ ಕತ್ತರಿಸಿದವರು, ದಿನಗಟ್ಟಲೆ ಕರುಳಿನ ಚಲನೆ ಮರಳದವರು, ಹೆಚ್ಚು ಸುರಿಯುವ ಫಿಸ್ಟುಲಾ (ಕರುಳಿನಿಂದ ಹೊರಕ್ಕೆ ಆದ ಅಸಹಜ ದಾರಿ) ಇರುವವರು ಇದರ ನಿಜವಾದ ಹಕ್ಕುದಾರರು.

ಮೊಟ್ಟೆ, ಸೋಯಾ, ನೆಲಗಡಲೆಗಳ ಅಲರ್ಜಿಯ ಬಗ್ಗೆ ಮನೆಯವರನ್ನು ಕೇಳಿ ಕೇಸ್ ಶೀಟಿನಲ್ಲಿ ಬರೆಯಿರಿ, ಏಕೆಂದರೆ ಎಮಲ್ಷನ್ನನ್ನು ಹಿಡಿದಿಡುವುದು ಮೊಟ್ಟೆಯ ಹಳದಿಯ ಫಾಸ್ಫೋಲಿಪಿಡ್. ಮೀನೆಣ್ಣೆ ಸೇರಿದ ಬಾಟಲಿಯಾದರೆ ಮೀನಿನ ಅಲರ್ಜಿಯನ್ನೂ ಕೇಳಿ. "ನಾವು ಮೀನು ತಿನ್ನುವುದಿಲ್ಲ" ಎಂಬ ಉತ್ತರವನ್ನು "ಅಲರ್ಜಿ ಇಲ್ಲ" ಎಂದು ಬರೆದುಕೊಳ್ಳಬೇಡಿ. ಸಸ್ಯಾಹಾರಿ ಕುಟುಂಬಕ್ಕೆ ಬಾಟಲಿಯಲ್ಲಿ ಏನಿದೆ ಎಂಬುದನ್ನು ಮೊದಲೇ ತಿಳಿಸುವುದು ಒಳ್ಳೆಯದು. ಅರ್ಧ ಬಾಟಲಿ ಹೋದಮೇಲೆ ಗೊತ್ತಾದರೆ ವಾರ್ಡಿನ ಮೇಲಿನ ನಂಬಿಕೆಯೇ ಹೋಗುತ್ತದೆ.

## ಹಂತ 2: ಬಾಟಲಿ ತರಿಸುವ ಮುಂಚೆ ರಕ್ತ ಪರೀಕ್ಷೆ

ಟ್ರೈಗ್ಲಿಸರೈಡ್, ರಕ್ತದ ಸಕ್ಕರೆ, ಪ್ಲೇಟ್‌ಲೆಟ್ ಎಣಿಕೆ, ಬಿಳಿ ರಕ್ತಕಣಗಳ ಒಟ್ಟು ಹಾಗೂ ವಿಂಗಡಿತ ಎಣಿಕೆ, ಯಕೃತ್ತಿನ ಪರೀಕ್ಷೆಗಳು, ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫರಸ್: ಇಷ್ಟರ ಆರಂಭದ ಅಂಕಿ ಕೈಯಲ್ಲಿ ಇರಲೇಬೇಕು. ಆರಂಭದ ಅಂಕಿಯಿಲ್ಲದೆ ನಾಲ್ಕನೆಯ ದಿನದ ಏರಿಳಿತ ಏನನ್ನೂ ಹೇಳುವುದಿಲ್ಲ.

ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿ.ಗ್ರಾಂ ಮೀರಿದ್ದರೆ ಕೊಬ್ಬನ್ನು ತಡೆಯುವುದೋ ತಗ್ಗಿಸುವುದೋ ವೈದ್ಯರೇ ತೀರ್ಮಾನಿಸಬೇಕು. 1000 ದಾಟಿದ್ದರೆ ಕೊಡುವ ಮಾತೇ ಇಲ್ಲ. ಮದ್ಯಪಾನದಿಂದ ಮೇದೋಜೀರಕ ಗ್ರಂಥಿಯ ಉರಿಯೂತವಾಗಿ ಬರುವ ರೋಗಿಗಳಲ್ಲಿ ಈ ಪರೀಕ್ಷೆಯನ್ನು ಬಿಟ್ಟರೆ ಉರಿಯುವ ಬೆಂಕಿಗೆ ಎಣ್ಣೆ ಸುರಿದ ಹಾಗೆಯೇ. ಬಹಳ ದಿನ ಉಪವಾಸವಿದ್ದು ಸೊರಗಿದವರಿಗೆ ಮೊದಲು ಥಯಮಿನ್ ಕೊಟ್ಟು, ಫಾಸ್ಫರಸ್ ಮತ್ತು ಪೊಟ್ಯಾಸಿಯಂ ಸರಿಪಡಿಸಿ, ಆಮೇಲೆ ಪೋಷಣೆ ಆರಂಭಿಸಬೇಕು. ಫಾಸ್ಫರಸ್ ಕುಸಿದರೆ ನ್ಯೂಟ್ರೋಫಿಲ್‌ಗಳಿಗೂ ಶಕ್ತಿ ಸಾಲದಾಗುತ್ತದೆ, ಉಸಿರಾಟದ ಸ್ನಾಯುಗಳಿಗೂ ಸಾಲದಾಗುತ್ತದೆ.

## ಹಂತ 3: ಎಣ್ಣೆಯ ಆಯ್ಕೆ

ಬಾಟಲಿಗಳು ಮುಖ್ಯವಾಗಿ ನಾಲ್ಕು ಬಗೆ. ಶುದ್ಧ ಸೋಯಾ ಎಣ್ಣೆಯದು. ಸೋಯಾ ಮತ್ತು ಮಧ್ಯಮ ಸರಪಳಿಯ ಕೊಬ್ಬು ಸಮಪಾಲಿನದು. ಆಲಿವ್ ಶೇ 80, ಸೋಯಾ ಶೇ 20 ಇರುವುದು. ಮತ್ತು ಸೋಯಾ ಶೇ 30, ಮಧ್ಯಮ ಸರಪಳಿಯ ಕೊಬ್ಬು ಶೇ 30, ಆಲಿವ್ ಶೇ 25, ಮೀನೆಣ್ಣೆ ಶೇ 15 ಸೇರಿದ ನಾಲ್ಕೆಣ್ಣೆಯ ಮಿಶ್ರಣ. ಆಲಿವ್‌ನ ಒಲಿಯಿಕ್ ಆಮ್ಲ ರೋಗನಿರೋಧಕ ಕೋಶಗಳನ್ನು ಅಷ್ಟಾಗಿ ಕೆಣಕುವುದಿಲ್ಲ. ಮಧ್ಯಮ ಸರಪಳಿಯ ಕೊಬ್ಬು ರಕ್ತದಿಂದ ಬೇಗ ಖಾಲಿಯಾಗುತ್ತದೆ. ಮೀನೆಣ್ಣೆ ಉರಿಯೂತವನ್ನು ಶಮನದ ಕಡೆಗೆ ವಾಲಿಸುತ್ತದೆ.

ಹಾಗೆಂದು ಮಿಶ್ರ ಎಣ್ಣೆಯ ದುಬಾರಿ ಬಾಟಲಿ ಸಿಗಲಿಲ್ಲವೆಂದು ಪೋಷಣೆಯನ್ನೇ ತಡಮಾಡುವುದು ಸರಿಯಲ್ಲ. ಐಸಿಯುವಿನ ಮೊದಲ ವಾರದಲ್ಲಿ ಸೋಯಾ ಎಣ್ಣೆಯನ್ನು ತಡೆಹಿಡಿಯಿರಿ ಅಥವಾ ಮಿತಿಗೊಳಿಸಿ ಎಂದು ಅಮೆರಿಕದ ತಜ್ಞಸಂಘಗಳು 2016ರಲ್ಲಿ ಸೂಚಿಸಿದ್ದವು. ಅಪಘಾತದ ಗಾಯಾಳುಗಳಿಗೆ ಮೊದಲ 10 ದಿನ ಕೊಬ್ಬು ಕೊಡದಿದ್ದಾಗ ಸೋಂಕು ಕಡಿಮೆಯಾಯಿತೆಂಬ 1997ರ ಅಧ್ಯಯನ ಅಂಥ ಚಿಂತನೆಗೆ ಬಲ ಕೊಟ್ಟಿತ್ತು. ಆದರೆ ಅಲ್ಲಿ ಕೊಬ್ಬು ಪಡೆಯದವರು ಒಟ್ಟು ಕ್ಯಾಲೊರಿಯನ್ನೂ ಕಡಿಮೆ ಪಡೆದಿದ್ದರು, ಹಾಗಾಗಿ ಫಲವನ್ನು ಕೊಬ್ಬಿನ ತಲೆಗೇ ಕಟ್ಟುವುದು ಕಷ್ಟ. 2022ರ ಅಮೆರಿಕದ ಮಾರ್ಗಸೂಚಿ, ಶಿರೆಪೋಷಣೆ ಬೇಕಾದವರಿಗೆ ಮೊದಲ ವಾರದಲ್ಲಿಯೂ ಸೋಯಾ ಅಥವಾ ಮಿಶ್ರ ಎಣ್ಣೆ ಎರಡರಲ್ಲಿ ಯಾವುದನ್ನಾದರೂ ಕೊಡಬಹುದೆಂದಿತು. ನನ್ನ ಸಲಹೆ ಇಷ್ಟೆ: ತೀವ್ರ ಸೋಂಕು ಅಥವಾ ಯಕೃತ್ತಿನ ತೊಂದರೆ ಇದ್ದು ವಾರಗಟ್ಟಲೆ ಪೋಷಣೆ ಬೇಕಾಗುವವರಿಗೆ ಮಿಶ್ರ ಎಣ್ಣೆ ಕೇಳಿ, ಉಳಿದವರಿಗೆ ಸೋಯಾ ಬಾಟಲಿಯನ್ನೇ ನಿಧಾನವಾಗಿ ಕೊಡಿ. ಕೊಬ್ಬನ್ನು ಪೂರ್ತಿ ಬಿಡುವುದೂ ನಿರಪಾಯವಲ್ಲ: ಎರಡು ಮೂರು ವಾರಗಳಲ್ಲಿ ಅವಶ್ಯ ಕೊಬ್ಬಿನಾಮ್ಲಗಳ ಕೊರತೆ ತಲೆದೋರಿ ಚರ್ಮ ಹೊಪ್ಪಳಿಕೆ ಏಳುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ.

ಶೇ 10ರ ಬಾಟಲಿಗಿಂತ ಶೇ 20ರದ್ದು ಉತ್ತಮ. ಶೇ 10ರಲ್ಲಿ ಕೊಬ್ಬಿಗೆ ಹೋಲಿಸಿದರೆ ಫಾಸ್ಫೋಲಿಪಿಡ್ ಹೆಚ್ಚಿದ್ದು ಅದು ರಕ್ತದಿಂದ ತೆರವಾಗುವುದು ತಡ.

## ಹಂತ 4: ಪ್ರಮಾಣ ಮತ್ತು ವೇಗದ ಲೆಕ್ಕ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವ ಹಂತ ಇದು. ಕಾಗದದ ಮೇಲೆ ಲೆಕ್ಕ ಮಾಡಿ, ಇನ್ನೊಬ್ಬರಿಂದ ಪರಿಶೀಲಿಸಿ, ಕೇಸ್ ಶೀಟಿಗೆ ಅಂಟಿಸಿ.

ಶೇ 20ರ ಎಮಲ್ಷನ್ನಿನ 100 ಮಿ.ಲೀ.ಯಲ್ಲಿ 20 ಗ್ರಾಂ ಕೊಬ್ಬಿದೆ ಮತ್ತು ಪ್ರತಿ ಮಿ.ಲೀ. 2 ಕಿಲೋಕ್ಯಾಲೊರಿ ಕೊಡುತ್ತದೆ. ಗಂಭೀರ ಸ್ಥಿತಿಯ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 1 ಗ್ರಾಂ ಎಂಬುದು ಸಾಮಾನ್ಯ ಗುರಿ, 1.5 ಗ್ರಾಂ ದಾಟಬಾರದು. ವೇಗದ ಮಿತಿ ಗಂಟೆಗೆ ಕಿಲೋ ತೂಕಕ್ಕೆ 0.11 ಗ್ರಾಂ. ದಿನದ ಮಿತಿಯೊಳಗೇ ಇದ್ದೂ ಗಂಟೆಯ ಮಿತಿಯನ್ನು ದಾಟಬಹುದೆಂಬ ಅಂಶವೇ ಹಲವರ ಕಣ್ಣಿಗೆ ಬೀಳುವುದಿಲ್ಲ.

60 ಕಿಲೋ ತೂಕದ ರೋಗಿಗೆ 250 ಮಿ.ಲೀ.ಯ ಒಂದು ಬಾಟಲಿ, ಅಂದರೆ 50 ಗ್ರಾಂ ಕೊಬ್ಬು ಕೊಡಬೇಕೆಂದಿರಲಿ. 12 ಗಂಟೆಯಲ್ಲಿ ಕೊಟ್ಟರೆ ಗಂಟೆಗೆ ಸುಮಾರು 21 ಮಿ.ಲೀ. ಹೋಗುತ್ತದೆ, ಅದು ಗಂಟೆಗೆ ಕಿಲೋಗೆ 0.07 ಗ್ರಾಂ, ಮಿತಿಯೊಳಗೇ ಇದೆ. ಅದೇ ಬಾಟಲಿಯನ್ನು 4 ಗಂಟೆಯಲ್ಲಿ ಮುಗಿಸಿದರೆ ಗಂಟೆಗೆ ಕಿಲೋಗೆ 0.21 ಗ್ರಾಂ ಆಗಿ ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಇನ್ನು 40 ಕಿಲೋ ತೂಕದ ಸೊರಗಿದ ಹೆಂಗಸಿಗೆ ಅದೇ ಬಾಟಲಿ 12 ಗಂಟೆಯಲ್ಲಿ ಹೋದರೂ 0.104 ಗ್ರಾಂ ಆಗುತ್ತದೆ, ಮಿತಿಗೆ ತಾಗಿದಂತೆಯೇ. ಆಕೆಗೆ 200 ಮಿ.ಲೀ. ಸಾಕು, ಉಳಿದ 50 ಮಿ.ಲೀ. ಚೆಲ್ಲಬೇಕಾಗುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲುವುದೆಂದರೆ ಮನೆಯವರಿಗೂ ಸಿಬ್ಬಂದಿಗೂ ಮನಸ್ಸು ಬರುವುದಿಲ್ಲ, ಆದರೆ ನಾಳೆಗೆಂದು ಫ್ರಿಜ್ಜಿನಲ್ಲಿಟ್ಟ ತೆರೆದ ಬಾಟಲಿ ಸೋಂಕಿನ ಪಾತ್ರೆಯಾಗುತ್ತದೆ.

ಪ್ರೊಪೊಫಾಲ್ ಅನ್ನು ಲೆಕ್ಕಕ್ಕೆ ಸೇರಿಸಲು ಮರೆಯುವುದು ಇನ್ನೊಂದು ದೊಡ್ಡ ತಪ್ಪು. ವೆಂಟಿಲೇಟರ್ ಮೇಲಿರುವವರಿಗೆ ನಿದ್ರೆಗಾಗಿ ಕೊಡುವ ಈ ಬಿಳಿ ಔಷಧವೂ ಶೇ 10ರ ಕೊಬ್ಬಿನ ಎಮಲ್ಷನ್ನೇ. ಗಂಟೆಗೆ 15 ಮಿ.ಲೀ.ಯಂತೆ ದಿನವಿಡೀ ಹೋದರೆ 36 ಗ್ರಾಂ ಕೊಬ್ಬು ಮತ್ತು ಸುಮಾರು 396 ಕಿಲೋಕ್ಯಾಲೊರಿ ಅದರಿಂದಲೇ ಬರುತ್ತದೆ. ಅಂಥವರಿಗೆ ಪೂರ್ತಿ ಲಿಪಿಡ್ ಬಾಟಲಿಯನ್ನೂ ಏರಿಸಿದರೆ ಮೂರು ದಿನದಲ್ಲಿ ಟ್ರೈಗ್ಲಿಸರೈಡ್ ಏಕೆ ಏರಿತೆಂದು ಅಚ್ಚರಿಪಡಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತು. ಸ್ಥಳೀಯ ಅರಿವಳಿಕೆ ಔಷಧ ವಿಷವಾದಾಗ ಇದೇ ಶೇ 20ರ ಎಮಲ್ಷನ್ನನ್ನು ಕಿಲೋಗೆ 1.5 ಮಿ.ಲೀ.ಯಂತೆ ಒಮ್ಮೆಗೇ ತಳ್ಳುತ್ತಾರೆ. ಅದು ಜೀವ ಉಳಿಸುವ ತುರ್ತು ಚಿಕಿತ್ಸೆ. ಆಪರೇಷನ್ ಥಿಯೇಟರಿನ ಗೋಡೆಯ ಮೇಲಿನ ಆ ಪಟ್ಟಿಯನ್ನು ಪೋಷಣೆಯ ವೇಗಕ್ಕೆ ಆಧಾರವಾಗಿ ಬಳಸಬೇಡಿ.

## ಹಂತ 5: ಸಾಮಗ್ರಿ ಜೋಡಿಸಿ, ಬಾಟಲಿ ಪರೀಕ್ಷಿಸಿ

ಬೇಕಾದವು: ಇನ್ಫ್ಯೂಷನ್ ಪಂಪ್, ಡಿಇಎಚ್‌ಪಿ ಇಲ್ಲದ ಹೊಸ ಇನ್ಫ್ಯೂಷನ್ ಸೆಟ್, 1.2 ಮೈಕ್ರಾನ್ ಫಿಲ್ಟರ್, ಕ್ಲೋರ್‌ಹೆಕ್ಸಿಡಿನ್ ಅಥವಾ ಆಲ್ಕೋಹಾಲ್ ಸ್ವ್ಯಾಬ್, ಸ್ಟೆರೈಲ್ ಗ್ಲೌಸ್, ಲೇಬಲ್, ಪೆನ್. ಸಾಮಾನ್ಯ ಪಿವಿಸಿ ಸೆಟ್ಟಿನಲ್ಲಿ ಪ್ಲಾಸ್ಟಿಕ್ ಮೆದುವಾಗಲು ಬಳಸಿದ ಡಿಇಎಚ್‌ಪಿಯನ್ನು ಕೊಬ್ಬು ಹೀರಿಕೊಂಡು ದೇಹಕ್ಕೆ ಸಾಗಿಸುತ್ತದೆ. ಫಿಲ್ಟರ್ ವಿಷಯದಲ್ಲಿ 0.22 ಮೈಕ್ರಾನಿನದನ್ನು ಹಾಕಿದರೆ ಕೊಬ್ಬಿನ ಹನಿಗಳೇ ಸಿಕ್ಕಿಕೊಂಡು ಪಂಪ್ ಅಲಾರ್ಮ್ ಕೂಗುತ್ತಲೇ ಇರುತ್ತದೆ.

ಬಾಟಲಿಯನ್ನು 25 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು, ಹೆಪ್ಪುಗಟ್ಟಿಸಬಾರದು. ನಮ್ಮ ಎರಡು ಜಿಲ್ಲೆಗಳಲ್ಲಿ ಈ ನಿಯಮ ಎರಡೂ ಕಡೆಯಿಂದ ಮುರಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಡೂರು, ಅರಸೀಕೆರೆ ಕಡೆ ಮೆಡಿಕಲ್ ಸ್ಟೋರಿನಿಂದ ಬಾಟಲಿ ತರುವ ಮನೆಯವರು ಅದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟಿರುತ್ತಾರೆ. ಬಿಸಿಗೆ ಹೆದರಿದ ಸಿಬ್ಬಂದಿ ಫ್ರೀಜರಿನ ಪಕ್ಕಕ್ಕೆ ಒತ್ತಿಟ್ಟಿರುತ್ತಾರೆ. ಒಮ್ಮೆ ಹೆಪ್ಪುಗಟ್ಟಿದ ಬಾಟಲಿ ಕರಗಿದ ಮೇಲೆ ಚೆನ್ನಾಗಿಯೇ ಕಂಡರೂ ಎಸೆಯಬೇಕು.

ಏರಿಸುವ ಮುಂಚೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ಕೆನೆಯಂತೆ ತೆಳು ಪದರ ಕಂಡು, ಮೆಲ್ಲಗೆ ತಿರುಗಿಸಿದಾಗ ಅದು ಬೆರೆತುಹೋದರೆ ಬಳಸಬಹುದು. ಹಳದಿ ಎಣ್ಣೆಯ ಹನಿ ಅಥವಾ ಕುತ್ತಿಗೆಯ ಸುತ್ತ ಎಣ್ಣೆಯ ಉಂಗುರ ಕಂಡರೆ ಎಮಲ್ಷನ್ ಒಡೆದಿದೆ. ಅಲುಗಾಡಿಸಿ ಸರಿಮಾಡಲು ಹೋಗಬೇಡಿ. ಒಡೆದ ದೊಡ್ಡ ಹನಿಗಳು ಶ್ವಾಸಕೋಶದ ಲೋಮನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ.

## ಹಂತ 6: ಲೈನಿಗೆ ಜೋಡಿಸುವುದು

ಕೈ ತೊಳೆದು, ಗ್ಲೌಸ್ ಹಾಕಿ, ಲೈನಿನ ಹಬ್ (ಸೆಟ್ ಜೋಡಿಸುವ ತುದಿ) ಅನ್ನು ಕನಿಷ್ಠ 15 ಸೆಕೆಂಡ್ ಉಜ್ಜಿ, ಒಣಗಲು ಬಿಡಿ. ಒಣಗಲು ಬಿಡುವುದನ್ನೇ ಹೆಚ್ಚಿನವರು ತಪ್ಪಿಸುತ್ತಾರೆ. ಸೆಂಟ್ರಲ್ ಲೈನಿನ (ದೊಡ್ಡ ಶಿರೆಗೆ ಹಾಕಿದ ನಳಿಕೆಯ) ಒಂದು ಲ್ಯೂಮೆನ್ನನ್ನು, ಅಂದರೆ ಒಳದಾರಿಯನ್ನು, ಪೋಷಣೆಗೆಂದೇ ಮೀಸಲಿಟ್ಟು ಲೇಬಲ್ ಹಚ್ಚಿ. ಲಿಪಿಡ್ ಎಮಲ್ಷನ್ನಿನ ಆಸ್ಮೋಟಿಕ್ ಒತ್ತಡ ರಕ್ತದ್ದಕ್ಕೆ ಸಮೀಪವಾದ್ದರಿಂದ ಬೇರೆಯಾಗಿ ಕೊಡುವುದಾದರೆ ಕೈಯ ಕ್ಯಾನುಲಾದಲ್ಲೂ ಕೊಡಬಹುದು.

ಬಾಟಲಿಯೊಳಗೆ ಏನನ್ನೂ ಬೆರೆಸಬೇಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಸೇರಿದರೆ ಎಮಲ್ಷನ್ ಒಡೆಯುತ್ತದೆ. ಬರೀ ಗ್ಲೂಕೋಸ್ ದ್ರಾವಣಕ್ಕೆ ನೇರವಾಗಿ ಸುರಿದರೂ ಅದರ ಆಮ್ಲೀಯತೆಯಿಂದ ಒಡೆಯುತ್ತದೆ. ಮೂರು ಕೋಣೆಯ ಬ್ಯಾಗ್ ಆದರೆ ತಯಾರಕರು ಹೇಳಿದ ಕ್ರಮದಲ್ಲೇ ಒಳಗಿನ ಸೀಲುಗಳನ್ನು ಬಿಡಿಸಿ.

ಬಾಟಲಿ ಚುಚ್ಚಿದ ಸಮಯವನ್ನು ಲೇಬಲ್ ಮೇಲೆ ಬರೆಯಿರಿ. ಬೇರೆಯಾಗಿ ಕೊಡುವ ಲಿಪಿಡ್ 12 ಗಂಟೆಗಿಂತ ಹೆಚ್ಚು ತೂಗಬಾರದು, ಸೆಟ್ಟನ್ನೂ ಅದರೊಂದಿಗೇ ಬದಲಿಸಬೇಕು. ಗ್ಲೂಕೋಸ್, ಅಮೈನೋ ಆಮ್ಲಗಳೊಂದಿಗೆ ಬೆರೆತ ಬ್ಯಾಗಿಗೆ 24 ಗಂಟೆ.

## ಹಂತ 7: ಆರಂಭ ಮತ್ತು ಮೊದಲ ಅರ್ಧ ಗಂಟೆ

ಬೆಳಗ್ಗೆ 10ಕ್ಕೆ ಶುರುಮಾಡಿ ರಾತ್ರಿ 10ಕ್ಕೆ ಮುಗಿಸುವ ಕ್ರಮವನ್ನು ನಾನು ಒಪ್ಪುತ್ತೇನೆ. ಮೊದಲ ಗಂಟೆಯ ಪ್ರತಿಕ್ರಿಯೆ ನೋಡಲು ವಾರ್ಡಿನಲ್ಲಿ ಜನ ಇರುತ್ತಾರೆ, ಮತ್ತು ಮರುದಿನ ಬೆಳಗ್ಗೆ 6ಕ್ಕೆ ತೆಗೆಯುವ ರಕ್ತದ ಮಾದರಿ 8 ಗಂಟೆ ಬಿಡುವಿನ ನಂತರದ್ದಾಗುತ್ತದೆ.

ಮೊದಲ 30 ನಿಮಿಷ ನಿಗದಿತ ವೇಗದ ಅರ್ಧಕ್ಕೆ ಪಂಪ್ ಇಡಿ. ನಾಡಿ, ರಕ್ತದೊತ್ತಡ, ಉಸಿರಾಟ, ಆಮ್ಲಜನಕ ಮಟ್ಟಗಳನ್ನು 15 ನಿಮಿಷಕ್ಕೊಮ್ಮೆ ಬರೆಯಿರಿ. ನಡುಕ, ಮೈ ಕೆಂಪಾಗುವುದು, ಎದೆ ಅಥವಾ ಬೆನ್ನು ನೋವು, ಉಬ್ಬಸ ಕಂಡರೆ ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕರೆಯಿರಿ.

ಪಂಪ್ ಇಲ್ಲದ ಕಡೆ ಮೈಕ್ರೋ ಡ್ರಿಪ್ ಸೆಟ್ಟಿನಲ್ಲಿ ಮಿ.ಲೀ.ಗೆ 60 ಹನಿಯ ಲೆಕ್ಕದಿಂದ ಗಂಟೆಗೆ 21 ಮಿ.ಲೀ. ಎಂದರೆ ನಿಮಿಷಕ್ಕೆ 21 ಹನಿ. ಇದು ಅಂದಾಜಿನ ಲೆಕ್ಕವಾದ್ದರಿಂದ ಬಾಟಲಿಯ ಮೇಲೆ ಗಂಟೆಯ ಗೆರೆಗಳಿರುವ ಕಾಗದದ ಪಟ್ಟಿ ಅಂಟಿಸಿ ಪ್ರತಿ ಗಂಟೆ ನೋಡಿ. "ಸಿಸ್ಟರ್, ಸ್ವಲ್ಪ ಜೋರಾಗಿ ಬಿಡಿ, ಬೇಗ ಶಕ್ತಿ ಬರಲಿ" ಎಂದು ಕೇಳುವ ಮನೆಯವರು, ನೀವು ಅತ್ತ ಹೋದಾಗ ತಾವೇ ರೋಲರ್ ತಿರುಗಿಸುವುದೂ ಉಂಟು. ಜೋರಾಗಿ ಬಿಟ್ಟರೆ ಶಕ್ತಿಯ ಬದಲು ಜ್ವರ ಬರುತ್ತದೆಂದು ಮೊದಲೇ ಹೇಳಿ.

## ಹಂತ 8: ದಿನದಿನದ ನಿಗಾ

ನ್ಯೂಟ್ರೋಫಿಲ್ ಎಷ್ಟು ಚುರುಕಾಗಿ ಬ್ಯಾಕ್ಟೀರಿಯಾ ನುಂಗುತ್ತಿದೆ ಎಂದು ಹೇಳುವ ಪರೀಕ್ಷೆ ವಾರ್ಡಿನ ನಿತ್ಯದ ಪಟ್ಟಿಯಲ್ಲಿಲ್ಲ. ಬಿಳಿ ರಕ್ತಕಣಗಳ ಎಣಿಕೆ ಅವುಗಳ ಸಂಖ್ಯೆಯನ್ನು ಹೇಳುತ್ತದೆ, ಸಾಮರ್ಥ್ಯವನ್ನಲ್ಲ. ಸಿಆರ್‌ಪಿ ಉರಿಯೂತದ ಮಟ್ಟವನ್ನು ಹೇಳುತ್ತದೆ, ಕಾರಣವನ್ನಲ್ಲ. ಆದ್ದರಿಂದ ಒಂದೊಂದು ಅಂಕಿಯ ಬೆನ್ನು ಹತ್ತದೆ ಜ್ವರದ ಚಾರ್ಟು, ಎಣಿಕೆ, ಸಿಆರ್‌ಪಿ, ಪ್ಲೇಟ್‌ಲೆಟ್, ಟ್ರೈಗ್ಲಿಸರೈಡ್‌ಗಳನ್ನು ಒಂದೇ ಹಾಳೆಯಲ್ಲಿ ದಿನವಾರು ಬರೆದು ಒಟ್ಟಿಗೆ ಓದಿ. ಟ್ರೈಗ್ಲಿಸರೈಡನ್ನು ಆರಂಭವಾದ ಒಂದೆರಡು ದಿನದಲ್ಲಿ, ಪ್ರಮಾಣ ಏರಿಸಿದಾಗಲೆಲ್ಲ, ಸ್ಥಿರವಾದ ಮೇಲೆ ವಾರಕ್ಕೊಮ್ಮೆಯಾದರೂ ನೋಡಬೇಕು.

ಸಕ್ಕರೆಯನ್ನು 140ರಿಂದ 180 ಮಿ.ಗ್ರಾಂ ನಡುವೆ ಹಿಡಿದಿಡಿ. ಕೊಬ್ಬಿಗೆ ಹೆದರಿ ಕ್ಯಾಲೊರಿಯನ್ನೆಲ್ಲ ಗ್ಲೂಕೋಸಿನಿಂದಲೇ ತುಂಬಿಸಿದರೆ ಸಕ್ಕರೆ ಏರಿ ನ್ಯೂಟ್ರೋಫಿಲ್‌ಗಳೇ ಮಂಕಾಗುತ್ತವೆ. ಕೊಬ್ಬಿನಿಂದ ತಪ್ಪಿಸಿಕೊಳ್ಳಲು ಹೋಗಿ ಅದೇ ಹಾನಿಯನ್ನು ಬೇರೆ ಬಾಗಿಲಿನಿಂದ ಒಳಗೆ ಕರೆದಂತಾಯಿತು.

ಲಿಪಿಡ್ ಹೋಗುತ್ತಿರುವಾಗ, ಅದರಲ್ಲೂ ಅದೇ ಲೈನಿನಿಂದ ರಕ್ತ ತೆಗೆಯಬೇಡಿ. ಹಾಲು ಬೆರೆತಂತೆ ಕಾಣುವ ಮಾದರಿಯಲ್ಲಿ ಹಿಮೋಗ್ಲೋಬಿನ್ ಸುಳ್ಳೇ ಹೆಚ್ಚಾಗಿಯೂ ಸೋಡಿಯಂ ಸುಳ್ಳೇ ಕಡಿಮೆಯಾಗಿಯೂ ಬರಬಹುದು. ಲ್ಯಾಬಿನವರು ಮಾದರಿ ಹಾಲಿನಂತೆ ಮಬ್ಬಾಗಿದೆ ಎಂದು ಫೋನ್ ಮಾಡಿದರೆ ಅದನ್ನು ದೂರೆಂದು ತಿಳಿಯದೆ ಮೊದಲ ಎಚ್ಚರಿಕೆಯೆಂದು ತಿಳಿಯಿರಿ: ನಿಲ್ಲಿಸಿ 6 ಗಂಟೆ ಕಳೆದರೂ ಸೀರಂ ಬೆಳ್ಳಗಿದ್ದರೆ ಕೊಬ್ಬು ರಕ್ತದಿಂದ ತೆರವಾಗುತ್ತಿಲ್ಲ.

## ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಜ್ವರ, ಕಾಮಾಲೆ, ಯಕೃತ್ತು ಅಥವಾ ಗುಲ್ಮದ ಊತ, ಪ್ಲೇಟ್‌ಲೆಟ್ ಕುಸಿತ, ರಕ್ತ ಹೆಪ್ಪುಗಟ್ಟದಿರುವುದು, ಉಸಿರಾಟದ ಕಷ್ಟ: ಇವು ಒಟ್ಟಾಗಿ ಬಂದರೆ ಕೊಬ್ಬಿನ ಹೊರೆ ದೇಹದ ಶಕ್ತಿ ಮೀರಿದೆ. ಲಿಪಿಡ್ ನಿಲ್ಲಿಸುವುದೇ ಇಲ್ಲಿ ಮೊದಲ ಚಿಕಿತ್ಸೆ.

ಜ್ವರವೊಂದೇ ಬಂದರೆ ಲಿಪಿಡ್ ನಿಲ್ಲಿಸಿ, ಲೈನಿನಿಂದಲೂ ಬೇರೆ ಕೈಯಿಂದಲೂ ರಕ್ತದ ಕಲ್ಚರ್ ತೆಗೆದು, ಆ ನಂತರ ಆಂಟಿಬಯೋಟಿಕ್ ಬಗ್ಗೆ ವೈದ್ಯರೊಂದಿಗೆ ಮಾತನಾಡಿ. ಶಿಲೀಂಧ್ರದ ಸಾಧ್ಯತೆಯನ್ನು ಲ್ಯಾಬಿನ ಚೀಟಿಯಲ್ಲಿ ಬರೆಯಿರಿ. ಮಲಸೇಜಿಯಾ ಬೆಳೆಯಲು ಕೊಬ್ಬು ಬೇಕಾದ್ದರಿಂದ ಹೇಳದಿದ್ದರೆ ಸಾಮಾನ್ಯ ಮಾಧ್ಯಮದಲ್ಲಿ ಅದು ಸಿಗದೆ ಹೋಗಬಹುದು. ಉಳಿದ ಬಾಟಲಿಯನ್ನು ಚೆಲ್ಲದೆ ಮುಚ್ಚಿ ಇಟ್ಟಿರಿ, ಅದನ್ನೂ ಕಲ್ಚರಿಗೆ ಕಳುಹಿಸಬೇಕಾಗಬಹುದು.

## ಹಂತ 9: ಕರೆಂಟು ಹೋದಾಗ, ರೋಗಿಯನ್ನು ಬೇರೆಡೆಗೆ ಕಳುಹಿಸುವಾಗ

ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಕರೆಂಟು ಗಂಟೆಗಟ್ಟಲೆ ಇರುವುದಿಲ್ಲ. ಪಂಪಿನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಂದು ಬಿಸಿಲಿನ ದಿನವೇ ಪರೀಕ್ಷಿಸಿಡಿ. ಪಂಪ್ ನಿಂತು ಬಾಟಲಿ ಹಿಂದೆ ಬಿದ್ದರೆ, ತಪ್ಪಿದ್ದನ್ನು ತುಂಬಿಕೊಳ್ಳಲು ವೇಗ ಏರಿಸಬೇಡಿ. 12 ಗಂಟೆ ಆದಾಗ ಉಳಿದದ್ದನ್ನು ಚೆಲ್ಲಿ.

ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ಮೇಲೆ ಮಂಗಳೂರಿಗೋ, ಹೆದ್ದಾರಿಯಲ್ಲಿ ಬೆಂಗಳೂರಿಗೋ ರೋಗಿಯನ್ನು ಕಳುಹಿಸುವಾಗ ಲಿಪಿಡ್ ಮುಚ್ಚಿ, ಲೈನನ್ನು ಸಲೈನಿನಿಂದ ತೊಳೆದು ಕಳುಹಿಸುವುದು ಕ್ಷೇಮ. ಲಿಪಿಡ್ ಮಾತ್ರ ನಿಂತರೆ ಸಕ್ಕರೆ ತಟಕ್ಕನೆ ಇಳಿಯುವುದಿಲ್ಲ, ಆದರೆ ಗ್ಲೂಕೋಸ್ ಬೆರೆತ ಬ್ಯಾಗನ್ನು ನಿಲ್ಲಿಸಿದರೆ ಶೇ 10ರ ಡೆಕ್ಸ್ಟ್ರೋಸ್ ಏರಿಸಿ ದಾರಿಯಲ್ಲಿ ಸಕ್ಕರೆ ನೋಡಬೇಕು. ರೆಫರಲ್ ಚೀಟಿಯಲ್ಲಿ ಯಾವ ಎಣ್ಣೆಯ ಎಮಲ್ಷನ್, ದಿನಕ್ಕೆ ಎಷ್ಟು ಗ್ರಾಂ, ಯಾವ ವೇಗ, ಕೊನೆಯ ಬಾಟಲಿ ಎಷ್ಟು ಗಂಟೆಗೆ ನಿಂತಿತು, ಕೊನೆಯ ಟ್ರೈಗ್ಲಿಸರೈಡ್ ಎಷ್ಟು, ಲೈನ್ ಹಾಕಿದ ದಿನಾಂಕ ಯಾವುದು ಎಂಬ ಆರು ಸಂಗತಿಗಳಿರಲಿ. "ಟಿಪಿಎನ್ ಕೊಡಲಾಗಿದೆ" (ಟಿಪಿಎನ್ ಎಂದರೆ ಶಿರೆಯ ಮೂಲಕ ಪೂರ್ಣ ಪೋಷಣೆ) ಎಂದಷ್ಟೇ ಬರೆದ ಚೀಟಿಯಿಂದ ಆ ಕಡೆಯ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ನಳಿಕೆಯ ಆಹಾರ ಅಗತ್ಯದ ಶೇ 60ರಷ್ಟನ್ನು ಮುಟ್ಟುತ್ತಿದ್ದಂತೆ ಶಿರೆಯ ಕೊಬ್ಬನ್ನು ತಗ್ಗಿಸುತ್ತ ಬಂದು ನಿಲ್ಲಿಸಿ, ಮೀಸಲಿಟ್ಟ ಲ್ಯೂಮೆನ್ನಿಗೆ ಬೇರೆ ಕೆಲಸವಿಲ್ಲದಿದ್ದರೆ ಸೆಂಟ್ರಲ್ ಲೈನನ್ನು ಅಂದೇ ತೆಗೆಸುವಂತೆ ವೈದ್ಯರನ್ನು ಕೇಳಿ.